‘ಆಯ್ತು ಬುದ್ಧಿ’ ಎಂಬ ಮಾತಿಗೆ ಅರ್ಥ ಬರೆಯುವವರು

ಹಳೇ ಮೈಸೂರು ಸೀಮೆಯ ಕೇರಿಗಳಲ್ಲಿ ಹುಟ್ಟಿ ಬೆಳೆದವರಿಗೆ ‘ಆಯ್ತು ಬುದ್ಧಿ’ ಅನ್ನೋ ಎರಡು ಪದದ ತೂಕ ಗೊತ್ತು. ಗೌಡ ಕರೆದರೆ ‘ಆಯ್ತು ಬುದ್ಧಿ’. ಬೈದರೆ ‘ಆಯ್ತು ಬುದ್ಧಿ’. ಕೂಲಿ ನಾಳೆ ಕೊಡ್ತೀನಿ ಹೋಗಲೇ ಅಂದರೂ ‘ಆಯ್ತು ಬುದ್ಧಿ’. ಈ ಮಾತಿನಲ್ಲಿ ಒಪ್ಪಿಗೆ ಎಷ್ಟು, ಭಯ ಎಷ್ಟು, ಹೊಟ್ಟೆಪಾಡು ಎಷ್ಟು, ಬೆನ್ನು ತಿರುಗಿಸಿದ ಮೇಲೆ ಉಗಿಯುವ ಉಗುಳು ಎಷ್ಟು ಅನ್ನೋದನ್ನ ಆ ಮಾತು ಆಡಿದವನ ಹೆಂಡತಿ ಹೇಳಬಲ್ಲಳು. ನಿಘಂಟು ಹೇಳಲಾರದು.

ಈಗ ಇದೇ ಮಾತನ್ನು ಒಬ್ಬ ಸಂಶೋಧಕ ಧ್ವನಿಮುದ್ರಣ ಮಾಡಿಕೊಂಡು ಹೋಗುತ್ತಾನೆ ಅಂದುಕೊಳ್ಳಿ. ಇಂಗ್ಲಿಷಿಗೆ ಇಳಿಸಿದಾಗ ಅದು ‘ಎಸ್ ಸರ್’ ಆಗುತ್ತದೆ. ಪುಟದ ಅಂಚಿನಲ್ಲಿ ಅದರ ಎದುರಿಗೆ ಒಂದು ಹೆಸರು ಬೀಳುತ್ತದೆ: ‘ಸಮ್ಮತಿ’. ಅಂಥ ಇಪ್ಪತ್ತು ಸಮ್ಮತಿಗಳು ಸೇರಿ ಒಂದು ಅಧ್ಯಾಯವಾಗುತ್ತದೆ. ಆ ಅಧ್ಯಾಯವನ್ನು ಓದಿದವರು, ಈ ಹಳ್ಳಿಯಲ್ಲಿ ಮೇಲುಕೀಳಿನ ಬಗ್ಗೆ ಕೆಳಗಿನವರಿಗೂ ತಕರಾರಿಲ್ಲ ಎಂದು ತಿಳಿಯುತ್ತಾರೆ. ಎಲ್ಲಿಯೂ ಸುಳ್ಳು ಹೇಳಿಲ್ಲ. ಆಡಿದ ಮಾತನ್ನೇ ಬರೆದಿದ್ದಾರೆ. ಆದರೂ ಆಡಿದವನಿಗೆ ಅನ್ಯಾಯ ಆಗಿಹೋಯಿತು.

ಇನ್ನೊಬ್ಬರ ಮಾತಿಗೆ ಅರ್ಥ ಹೇಳುವ ಹಕ್ಕು ಒಬ್ಬರಿಗೆ ಎಲ್ಲಿಂದ ಬರುತ್ತದೆ? ಇದು ವಿಶ್ವವಿದ್ಯಾಲಯದೋರ ಗೊಡವೆ, ನಮಗ್ಯಾಕೆ ಅಂತ ಚಳವಳಿಯ ಗೆಳೆಯರು ಕೇಳಬಹುದು. ಸ್ವಾಮಿ, ಇಂಥ ವರದಿಗಳನ್ನು ಇಟ್ಟುಕೊಂಡೇ ಯೋಜನೆಗಳು ತಯಾರಾಗ್ತವೆ. ಗೌಡ್ರು ಚೆನ್ನಾಗಿ ನೋಡ್ಕೋತಾರೆ ಅಂತ ಜೀತದಾಳು ಹೇಳಿದ್ದನ್ನು ಬರೆದುಕೊಂಡು ಹೋದವನು, ಆ ಊರಲ್ಲಿ ಜೀತ ಇಲ್ಲ ಅಂತ ವರದಿ ಕೊಡಬಲ್ಲ. ಜೀತಪದ್ಧತಿಯನ್ನು ರದ್ದು ಮಾಡಿದ ಕಾನೂನು 1976ರಲ್ಲೇ ಬಂದಿದೆ. ಆದರೆ ಯಾರು ಜೀತದಾಳು ಅನ್ನೋದನ್ನ ಕಾನೂನು ತಾನೇ ನಡೆದು ಬಂದು ನೋಡೋದಿಲ್ಲ. ಯಾರೋ ಒಬ್ಬ ಬಂದು ಕೇಳಬೇಕು, ಕೇಳಿದ್ದಕ್ಕೆ ಅರ್ಥ ಕಟ್ಟಬೇಕು.

ಎಣಿಸಿ ಲೆಕ್ಕ ಹಾಕುವ ಸಂಶೋಧನೆ ಒಂದು ಬಗೆ. ಎಷ್ಟು ಮನೆ, ಎಷ್ಟು ಎಕರೆ, ಎಷ್ಟು ಮಂದಿ ಶಾಲೆ ಬಿಟ್ಟರು ಅಂತ. ಜನರ ಮಾತು, ನಡವಳಿಕೆ, ಮೌನ, ಕಥೆ ಇವುಗಳನ್ನು ಕೂಡಿಹಾಕಿ ಅರ್ಥ ಹುಡುಕುವ ಸಂಶೋಧನೆ ಇನ್ನೊಂದು ಬಗೆ. ಇದಕ್ಕೆ ಗುಣಾತ್ಮಕ ಸಂಶೋಧನೆ ಅಂತ ಹೆಸರು. ಇದರ ಕ್ರಮವನ್ನು ನಮ್ಮ ಎಂ.ಎ. ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರ್ತಾರೆ. ಮಾತನ್ನು ಅಕ್ಷರಕ್ಕಿಳಿಸಬೇಕು, ಮತ್ತೆ ಮತ್ತೆ ಓದಬೇಕು, ತುಂಡುತುಂಡು ಮಾಡಿ ಒಂದೊಂದು ತುಂಡಿಗೂ ಒಂದು ಹೆಸರು ಹಚ್ಚಬೇಕು, ಹೆಸರುಗಳನ್ನು ಗುಂಪು ಮಾಡಬೇಕು, ಗುಂಪುಗಳಿಂದ ಒಂದು ದೊಡ್ಡ ಮಾತನ್ನು ಕಟ್ಟಬೇಕು. ಹೆಸರು ಹಚ್ಚುವ ಕೆಲಸಕ್ಕೆ ಕೋಡಿಂಗ್ ಅಂತಾರೆ. ಮೊದಲು ಕತ್ತರಿ, ಚೀಟಿ, ಬಣ್ಣದ ಪೆನ್ಸಿಲು ಬೇಕಿತ್ತು. ಈಗ ಅದಕ್ಕೆ ಕಂಪ್ಯೂಟರು ಬಂದಿದೆ. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು, ಸಿದ್ಧಾಂತವನ್ನು ಕುರ್ಚಿಯಲ್ಲಿ ಕೂತು ಕಟ್ಟಬೇಡಿ, ಜನರ ಮಾತಿನಿಂದಲೇ ಕಟ್ಟಿ ಎಂದರು. ಒಳ್ಳೆಯ ಮಾತು. ಆದರೆ ಅದರ ಹಿಂದೆಯೇ ಒಂದು ಕೆಟ್ಟ ಚಾಳಿ ಬಂತು. ಪ್ರಬಂಧಗಳಲ್ಲಿ ‘ಈ ಆಶಯಗಳು ಮಾಹಿತಿಯಿಂದ ತಾವಾಗಿ ಮೂಡಿಬಂದವು’ ಅಂತ ಬರೆಯೋದು. ಮಳೆ ಬಿದ್ದ ಮಾರನೇ ದಿನ ತಿಪ್ಪೆಯಲ್ಲಿ ಅಣಬೆ ಏಳ್ತದಲ್ಲ, ಹಾಗೆ! 2006ರಲ್ಲಿ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಎಂಬ ಇಬ್ಬರು ವಿದ್ವಾಂಸೆಯರು ಈ ಚಾಳಿಯನ್ನು ಹಿಡಿದು ಕೇಳಿದರು. ಯಾವ ಆಶಯವೂ ತಾನಾಗಿ ಮೂಡುವುದಿಲ್ಲ, ಸಂಶೋಧಕರು ಆರಿಸಿ ಕಟ್ಟುತ್ತಾರೆ ಎಂದರು. ಕಟ್ಟಿದವನು ತಾನು ಕಟ್ಟಿದೆ ಅಂತ ಒಪ್ಪಿಕೊಂಡರೆ ಅವನ ಕೈಹಿಡಿದು ಕೇಳಬಹುದು. ತಾನಾಗಿ ಮೂಡಿತು ಅಂದುಬಿಟ್ಟರೆ ಯಾರನ್ನು ಕೇಳೋಣ?

ಒಂದೇ ಒಂದು ಮಾತನ್ನು ಹಿಡಿದು ನೋಡೋಣ. ಕೇರಿಯ ಒಬ್ಬ ಮುದುಕಿಯನ್ನು ‘ನಿಮ್ಮ ಜೀವನ ಹೀಗ್ಯಾಕಾಯ್ತಮ್ಮ?’ ಅಂತ ಪ್ಯಾಂಟು ಹಾಕಿದವನೊಬ್ಬ ಕೇಳುತ್ತಾನೆ. ಅವಳು ‘ಏನೋ ಸಾಮಿ, ನಮ್ಮ ಹಣೇಬರ’ ಅನ್ನುತ್ತಾಳೆ. ಅವನು ‘ವಿಧಿವಾದ, ಕರ್ಮದಲ್ಲಿ ನಂಬಿಕೆ’ ಎಂದು ಹೆಸರು ಹಚ್ಚುತ್ತಾನೆ. ಅವಳು ಹೇಳಿದ್ದು ಕರ್ಮಸಿದ್ಧಾಂತವೇ? ಇರಬಹುದು. ಅಥವಾ, ಸೌದೆಗೆ ಹೊತ್ತಾಯಿತು, ನಿನ್ನ ಪ್ರಶ್ನೆ ಸಾಕು ಮಾಡು ಮಾರಾಯ ಅನ್ನೋದನ್ನ ಮರ್ಯಾದೆಯಿಂದ ಹೇಳಿದ್ದಿರಬಹುದು. ಇಲ್ಲಾ, ನಮ್ಮ ಹಣೆಯ ಮೇಲೆ ಬರೆದವರು ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು, ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ ಅನ್ನೋ ಕುಟುಕಿರಬಹುದು. ಹಾಳೆಯ ಮೇಲೆ ಈ ಮೂರೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ನೋಡಬೇಕಾದರೆ ಆ ಮಾತಿನ ಹಿಂದೆ ಮುಂದೆ ಏನಿತ್ತು, ಪಕ್ಕದಲ್ಲಿ ಯಾರು ನಿಂತಿದ್ದರು, ಅವಳು ನಕ್ಕಳಾ, ಸೆರಗು ಕೊಡವಿ ಎದ್ದಳಾ, ಇವೆಲ್ಲ ಬೇಕು. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್ 1973ರಲ್ಲಿ ಇದನ್ನೇ ಹೇಳಿದ. ರೆಪ್ಪೆ ಅದುರುವುದಕ್ಕೂ ಕಣ್ಣು ಹೊಡೆಯುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು, ಅರ್ಥದಲ್ಲಿ ಮಾತ್ರ ಅಜಗಜಾಂತರ, ಆ ಅಂತರವನ್ನು ಬರೆಯೋದೇ ನಮ್ಮ ಕೆಲಸ ಎಂದ. ಈ ದೃಷ್ಟಾಂತ ಅವನಿಗಿಂತ ಮುಂಚೆ ಗಿಲ್ಬರ್ಟ್ ರೈಲ್ ಎಂಬ ಇಂಗ್ಲಿಷ್ ತತ್ವಜ್ಞಾನಿಯದು. ಚೆನ್ನಾಗಿಯೇ ಇದೆ. ಆದರೆ ಕಣ್ಣು ಹೊಡೆದವನನ್ನು ಒಡೆಯನೂ ನೋಡ್ತಾ ಇದ್ದರೆ ಅವನು ಕಣ್ಣು ಹೊಡೆದೂ ಧೂಳು ಬಿತ್ತು ಅಂತಾನೆ. ಅದನ್ನೇನು ಮಾಡ್ತೀರಿ?

ನಮ್ಮ ನೆಲದ್ದೇ ಉದಾಹರಣೆಗೆ ಬರೋಣ. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ, ಮತ್ತೆ 1952ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಹಳ್ಳಿಯನ್ನು ರಾಂಪುರ ಎಂದು ಕರೆದರು. ಮೈಸೂರಿನ ಬ್ರಾಹ್ಮಣ ಮನೆತನದಿಂದ ಬಂದ ಅವರು ಇಳಿದುಕೊಂಡದ್ದು ಊರಿನ ಪಟೇಲನಿಗೆ ಸೇರಿದ ಎತ್ತಿನ ಮನೆಯಲ್ಲಿ. ವರ್ಷಗಟ್ಟಲೆ ಕೂತು ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ ಹದಗೊಳಿಸಿದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ಹಾಗೆ ಹದಗೊಳಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಎದೆಗುಂದದೆ ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಬಂತು.

ಇಂಥ ಪುಸ್ತಕ ಬರೆಯೋದು ಸಣ್ಣ ಮಾತಲ್ಲ. ನಾವಿಲ್ಲಿ ಕೇಳ್ತಿರೋದು ಬೇರೆ. ಚೀಟಿ ಸುಟ್ಟ ಮೇಲೆ ನೆನಪೇ ಚೀಟಿಯ ಕೆಲಸ ಮಾಡಬೇಕಾಯ್ತು. ನೆನಪಿನಲ್ಲಿ ಗಟ್ಟಿಯಾಗಿ ಉಳಿಯೋದು ಯಾವುದು? ದಿನಾ ಕಂಡ ಮುಖ, ದಿನಾ ಕೇಳಿದ ದನಿ. ಎತ್ತಿನ ಮನೆಯ ಜಗಲಿಗೆ ದಿನಾ ಬಂದು ಕೂರುವವರು ಯಾರು? ಕೇರಿಯವನು ಬಂದರೂ ಎಲ್ಲಿ ನಿಲ್ತಾನೆ, ಯಾವ ದನಿಯಲ್ಲಿ ಮಾತಾಡ್ತಾನೆ? ತಮ್ಮ ಒಡನಾಟ ಹೆಚ್ಚಾಗಿ ಮೇಲ್ಜಾತಿಯವರ, ಜಮೀನುಳ್ಳವರ ನಡುವೆ ಇತ್ತು ಎಂಬುದನ್ನು ಶ್ರೀನಿವಾಸ್ ಅವರೇ ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ನಮ್ಮ ಗೌರವ ಇದೆ. ಆದರೆ ಮುನ್ನುಡಿಯಲ್ಲೋ ಕೊನೆಯಲ್ಲೋ ಒಪ್ಪಿಕೊಂಡ ಮಾತ್ರಕ್ಕೆ ನಡುವಿನ ಪುಟಗಳ ಅರ್ಥ ಬದಲಾಗುವುದಿಲ್ಲ. ವಿಶ್ಲೇಷಣೆ ಅನ್ನೋದು ಮನೆಗೆ ಬಂದು ಮೇಜಿನ ಮುಂದೆ ಕೂತಾಗ ಶುರುವಾಗುತ್ತೆ ಅಂತ ಪುಸ್ತಕಗಳು ಹೇಳ್ತವೆ. ನಾವು ಹೇಳ್ತೀವಿ, ಅದು ಊರಿಗೆ ಬಂದ ಮೊದಲ ದಿನ ಯಾರ ಮನೆಯಲ್ಲಿ ಹಾಸಿಗೆ ಬಿಚ್ಚಿದಿರಿ ಅನ್ನೋದರಿಂದಲೇ ಶುರುವಾಗುತ್ತೆ.

ಅದೇ ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಬರೆದ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ ಅನ್ನೋ ಪದವನ್ನು ಚಲಾವಣೆಗೆ ತಂದರು. ಕೆಳಜಾತಿಯೊಂದು ಮಾಂಸ ಬಿಟ್ಟು, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು ಏಣಿ ಹತ್ತುವುದು ಎಂದು ಅದರ ಸಾರ. ಇರಲಿ. 1927ರಲ್ಲಿ ಮಹಾಡ್‌ನ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನ ಹೊರಬೇಡಿ, ಅದರ ಮಾಂಸ ತಿನ್ನಬೇಡಿ ಅಂತ ನಮ್ಮ ಜನಕ್ಕೆ ಕರೆ ಕೊಟ್ಟರು. ಆ ಕರೆ ಕೇಳಿ ಬಾಡು ಬಿಟ್ಟವನನ್ನು ಜಗಲಿ ಮೇಲೆ ಕೂತು ನೋಡಿದರೆ, ‘ನಮ್ಮ ಹಾಗೆ ಆಗಲಿಕ್ಕೆ ಹೊರಟಿದ್ದಾನೆ’ ಅಂತ ಕಾಣುತ್ತದೆ. ಅವನ ಗುಡಿಸಲೊಳಗೆ ಕೂತು ಕೇಳಿದರೆ, ‘ಇನ್ನು ಮೇಲೆ ನಿಮ್ಮ ಚಾಕರಿ ಮಾಡಲ್ಲ’ ಅಂತ ಕೇಳಿಸುತ್ತದೆ. ಹಚ್ಚೋ ಹೆಸರು ಒಂದು ಕಡೆ ‘ಅನುಕರಣೆ’, ಇನ್ನೊಂದು ಕಡೆ ‘ನಿರಾಕರಣೆ’. ಕ್ರಿಯೆ ಒಂದೇ. ಮೊದಲನೆಯದು ಪಠ್ಯಪುಸ್ತಕ ಸೇರಿತು, ಎರಡನೆಯದು ಚಳವಳಿಯ ಕರಪತ್ರದಲ್ಲಿ ಉಳಿಯಿತು. ಎರಡರಲ್ಲಿ ಯಾವುದು ಹೆಚ್ಚು ವೈಜ್ಞಾನಿಕ ಅನ್ನೋದನ್ನ ತೀರ್ಮಾನಿಸಿದವರು ಯಾವ ಕಡೆ ಕೂತಿದ್ದರು?

ಇದೆಲ್ಲ ನಿಮ್ಮ ಅನುಮಾನ ಅನ್ನುವವರಿಗೆ ಹಿಮಾಲಯದ ಮಡಿಲಿನಿಂದ ಒಂದು ಪುರಾವೆ ಇದೆ. ಜೆರಾಲ್ಡ್ ಬೆರೆಮನ್ ಎಂಬ ಅಮೆರಿಕನ್ ಮಾನವಶಾಸ್ತ್ರಜ್ಞ 1957-58ರಲ್ಲಿ ಗಢವಾಲದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿದ್ದ. ಆ ಸೀಮೆ ಅಂದು ಉತ್ತರ ಪ್ರದೇಶದಲ್ಲಿತ್ತು, ಇಂದು ಉತ್ತರಾಖಂಡದಲ್ಲಿದೆ. ಮೊದಲ ಕೆಲವು ತಿಂಗಳು ಅವನಿಗೆ ದುಭಾಷಿಯಾಗಿದ್ದವನು ಬಯಲುಸೀಮೆಯ ಬ್ರಾಹ್ಮಣ. ಆ ಮನುಷ್ಯ ಕಾಯಿಲೆ ಬಿದ್ದ. ಬೇರೆ ಯಾರೂ ಸಿಗದೆ ಒಬ್ಬ ಮುಸ್ಲಿಂ ದುಭಾಷಿಯನ್ನು ಇಟ್ಟುಕೊಳ್ಳಬೇಕಾಯ್ತು. ಹಳ್ಳಿ ಅದೇ, ಜನ ಅದೇ, ಪ್ರಶ್ನೆ ಕೇಳುವ ಬಿಳಿಯನೂ ಅವನೇ. ಆದರೆ ಉತ್ತರಗಳು ಬೇರೆಯಾದವು! ಬ್ರಾಹ್ಮಣ ದುಭಾಷಿಯ ಮುಂದೆ ಬೆಟ್ಟದ ಮೇಲ್ಜಾತಿಯವರು ತಮ್ಮ ಮಾಂಸ, ಮದ್ಯ, ತಮ್ಮ ಸಡಿಲ ಆಚಾರಗಳನ್ನೆಲ್ಲ ಬಚ್ಚಿಟ್ಟು ಶುದ್ಧ ಹಿಂದೂಗಳಂತೆ ನಡೆದುಕೊಂಡಿದ್ದರು. ಕೆಳಜಾತಿಯವರಂತೂ ಬಾಯಿ ಬಿಟ್ಟಿರಲಿಲ್ಲ. ಮುಸ್ಲಿಮ ಬಂದ ಮೇಲೆ ಕೆಳಜಾತಿಯವರು ಹತ್ತಿರ ಬಂದರು, ಮೇಲಿನವರ ಬಗ್ಗೆ ಒಳಗೊಳಗೇ ಇದ್ದ ಮಾತುಗಳನ್ನು ಆಡಿದರು. ಮೇಲಿನವರಿಗೂ ಒಬ್ಬ ಮುಸ್ಲಿಮನೆದುರು ಶುದ್ಧತೆಯ ನಾಟಕ ಆಡುವ ದರ್ದು ಇರಲಿಲ್ಲ. ಇದನ್ನೆಲ್ಲ ಬೆರೆಮನ್ 1962ರಲ್ಲಿ ‘ಬಿಹೈಂಡ್ ಮೆನಿ ಮಾಸ್ಕ್ಸ್’ ಎಂಬ ಪುಟ್ಟ ಪುಸ್ತಕದಲ್ಲಿ ಬರೆದ. ಆ ಬ್ರಾಹ್ಮಣ ದುಭಾಷಿ ಕಾಯಿಲೆ ಬೀಳದೇ ಹೋಗಿದ್ದರೆ? ಮಾಹಿತಿ ಬೇಕಾದಷ್ಟು ಕೂಡಿರುತ್ತಿತ್ತು, ಒಂದಕ್ಕೊಂದು ತಾಳೆಯೂ ಆಗುತ್ತಿತ್ತು, ಪುಸ್ತಕವೂ ಬರುತ್ತಿತ್ತು. ಏನೋ ಕಡಿಮೆಯಾಗಿದೆ ಅನ್ನೋದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಎಷ್ಟು ಪುಸ್ತಕಗಳಲ್ಲಿ ದುಭಾಷಿಗಳು ಗಟ್ಟಿಮುಟ್ಟಾಗಿ ಇದ್ದರೋ!

ಮಾತು ಬಾಯಿಬಿಟ್ಟು ಬಂದ ಮೇಲೂ ಕಷ್ಟ ಮುಗಿಯುವುದಿಲ್ಲ. ತಮಿಳುನಾಡಿನ ಪರೈಯರಲ್ಲಿ ಒಂದು ಹುಟ್ಟಿನ ಕಥೆ ಇದೆ. ಇಬ್ಬರು ಅಣ್ಣತಮ್ಮಂದಿರು ದೇವರನ್ನು ಪೂಜಿಸಲು ಹೋದರು. ಅಲ್ಲಿ ಸತ್ತ ಹಸು ಬಿದ್ದಿತ್ತು. ಇದನ್ನು ಎತ್ತಿಹಾಕಿ ಎಂದಿತು ದೇವರು. ಅಣ್ಣ ‘ಎನ್ ತಂಬಿ ಪಾಪ್ಪಾನ್’ ಎಂದ. ನನ್ನ ತಮ್ಮ ನೋಡ್ಕೋತಾನೆ ಅನ್ನೋದು ಅವನ ಮನಸ್ಸಿನ ಮಾತು. ತಮಿಳಿನಲ್ಲಿ ಆ ಶಬ್ದಕ್ಕೇ ‘ನನ್ನ ತಮ್ಮ ಹಾರುವ’ ಅನ್ನೋ ಅರ್ಥವೂ ಬರುತ್ತದೆ. ಕೇಳಿಸಿದ್ದು ಆ ಎರಡನೇ ಅರ್ಥ. ಅಂದಿನಿಂದ ತಮ್ಮ ಬ್ರಾಹ್ಮಣನಾದ, ಅಣ್ಣ ಪರೈಯನಾದ.

ಚೆಂಗಲ್ಪಟ್ಟು ಸೀಮೆಯಲ್ಲಿ ಕೆಲಸ ಮಾಡಿದ ಮೈಕೆಲ್ ಮೊಫಾಟ್ 1979ರ ಪುಸ್ತಕದಲ್ಲಿ, ಅಸ್ಪೃಶ್ಯರೂ ಜಾತಿವ್ಯವಸ್ಥೆಯ ಮೌಲ್ಯಗಳನ್ನು ಒಪ್ಪಿಕೊಂಡೇ ಬದುಕುತ್ತಾರೆ ಎಂದು ವಾದಿಸಿದ. ಇಂಥ ಕಥೆಗಳೂ ಅವನಿಗೆ ಅದಕ್ಕೆ ಸಾಕ್ಷಿಯಾಗಿ ಕಂಡವು. ಕಥೆ ಜಾತಿಯನ್ನೇ ಅಲ್ಲಗಳೆಯೋದಿಲ್ಲವಲ್ಲ, ಅದು ಅವನ ತರ್ಕ. ರಾಬರ್ಟ್ ಡೆಲಿಯೆಜ್ 1993ರಲ್ಲಿ ಇಂಥವೇ ಕಥೆಗಳನ್ನು ಓದಿ ಬೇರೆ ಮಾತು ಹೇಳಿದ. ತಾವು ಹುಟ್ಟಿನಿಂದ ಕೊಳಕು ಅಂತ ಈ ಜನ ಎಲ್ಲೂ ಒಪ್ಪಿಲ್ಲ, ತಮ್ಮ ಸ್ಥಿತಿ ಒಂದು ತಪ್ಪಿನಿಂದ ಬಂದದ್ದು, ಮೂಲದಲ್ಲಿ ಎಲ್ಲರೂ ಅಣ್ಣತಮ್ಮಂದಿರು ಅಂತ ಕಥೆ ಹೇಳ್ತಿದೆ ಎಂದ. ಮೊಫಾಟ್‌ಗಿಂತ ಮುಂಚೆಯೇ, 1974ರಲ್ಲಿ, ಜೋನ್ ಮೆಂಚರ್ ಎಂಬಾಕೆ ಅದೇ ಚೆಂಗಲ್ಪಟ್ಟು ಸೀಮೆಯ ಜನರ ಮಾತನ್ನು ಆಧಾರ ಮಾಡಿಕೊಂಡು, ಕೆಳಗಿನಿಂದ ನೋಡಿದರೆ ಜಾತಿ ಅಂದರೆ ಧರ್ಮವಲ್ಲ, ಶೋಷಣೆ ಎಂದು ಬರೆದಿದ್ದರು.

ನಮಗೆ ಆ ಕಥೆಯಲ್ಲಿ ಕಾಣೋದು ಇನ್ನೊಂದು. ಅದು ಅರ್ಥ ಕಟ್ಟುವವರ ಕಥೆಯೇ ಅಲ್ಲವೇ? ಕೆಳಗೆ ನಿಂತವನೊಬ್ಬ ಒಂದು ಮಾತಾಡಿದ. ಮೇಲೆ ಕೂತದ್ದು ಅದಕ್ಕೆ ತನಗೆ ತೋಚಿದ ಅರ್ಥ ಹಚ್ಚಿತು. ‘ನೀನು ಹೇಳಿದ್ದು ಇದೇನಾ?’ ಅಂತ ತಿರುಗಿ ಕೇಳಲಿಲ್ಲ. ಕೇಳಿಸಿಕೊಂಡದ್ದೇ ಶಾಸನವಾಯಿತು, ತಲೆಮಾರುಗಟ್ಟಲೆ ಹೆಣ ಹೊರುವ ಕೆಲಸವಾಯಿತು. ಇದನ್ನು ಕಟ್ಟಿದ ಅನಕ್ಷರಸ್ಥರಿಗೆ ಅರ್ಥೈಸುವಿಕೆಯ ಅಪಾಯ ಚೆನ್ನಾಗಿಯೇ ಗೊತ್ತಿತ್ತು. ಇದು ನಮ್ಮ ಓದು. ಮೊಫಾಟ್‌ನ ಓದಿಗಿಂತ ಇದೇ ಸರಿ ಅಂತ ನಾವು ಸಾಬೀತು ಮಾಡಲಾರೆವು. ಆದರೆ ಸಮ್ಮತಿ ಅನ್ನುವವರಿಗೆ ಇಷ್ಟು ಕೇಳಬಹುದು: ಸಮ್ಮತಿ ಇದ್ದವರು, ನಾವೇ ಅಣ್ಣ, ಇದೆಲ್ಲ ತಪ್ಪು ಕೇಳಿಸಿಕೊಂಡದ್ದರಿಂದ ಆಯ್ತು ಅಂತ ಮಕ್ಕಳಿಗೆ ಯಾಕೆ ಕಥೆ ಹೇಳ್ತಾರೆ?

ಅರ್ಥದ ಪ್ರಶ್ನೆ ಕೆಲವೊಮ್ಮೆ ಪ್ರಾಣದ ಪ್ರಶ್ನೆಯಾಗುತ್ತದೆ. 2000ನೇ ಇಸವಿ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು; ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೋರ್ಟಿಗೆ ತನ್ನದೇ ಅಳತೆಗೋಲಿದೆ, ಅದರ ತಕರಾರು ಬೇರೆ. ಆದರೆ ಇದೇ ಜನರ ಮಾತನ್ನು ಓದುವ ಸಂಶೋಧಕನಿಗೆ ಆ ಅಳತೆಗೋಲು ಸಾಲದು. ಆಗ ಒಂದು ಹೇಳಿದರು, ಈಗ ಇನ್ನೊಂದು ಹೇಳಿದರು, ಆದ್ದರಿಂದ ಈ ಮಾಹಿತಿ ನಂಬಲರ್ಹವಲ್ಲ ಅಂತ ಪಕ್ಕಕ್ಕಿಡುವಂತಿಲ್ಲ. ಎರಡು ಮಾತುಗಳ ನಡುವೆ ಆರು ವರ್ಷ ಇದೆಯಲ್ಲ, ಅದೇ ಅವನ ಮಾಹಿತಿ. ಆ ಆರು ವರ್ಷ ಅವರು ಯಾರ ಹೊಲದಲ್ಲಿ ಕೂಲಿ ಮಾಡಿದರು, ಯಾರ ಅಂಗಡಿಯಲ್ಲಿ ಸಾಲ ತಂದರು, ಊರು ಬಿಟ್ಟವರೆಷ್ಟು, ಕೋರ್ಟಿಗೆ ಹೋಗಿಬರಲು ಬಸ್ ಚಾರ್ಜು ಯಾರು ಕೊಟ್ಟರು? ಬದಲಾದ ಮಾತನ್ನು ಸುಳ್ಳು ಅಂತ ಬರೆಯುವುದು ಸುಲಭ. ಮಾತು ಬದಲಾಗುವುದಕ್ಕೂ ಒಂದು ಬೆಲೆ ಇರುತ್ತದೆ, ಅದನ್ನು ಯಾರು ತೆತ್ತರು ಅಂತ ಹುಡುಕುವುದು ಕಷ್ಟ.

ಪಂಡಿತರ ಹತ್ತಿರ ಈ ರೋಗಕ್ಕೆ ಕೆಲವು ಮದ್ದುಗಳಿವೆ. ಇಬ್ಬರು ಬೇರೆ ಬೇರೆ ಕೂತು ಹೆಸರು ಹಚ್ಚಲಿ, ಇಬ್ಬರದೂ ತಾಳೆಯಾದರೆ ವಿಶ್ಲೇಷಣೆ ಗಟ್ಟಿ ಅನ್ನುತ್ತಾರೆ. ಇಬ್ಬರೂ ಒಂದೇ ಅಗ್ರಹಾರದಿಂದ ಬಂದಿದ್ದರೆ ತಾಳೆ ಆಗದೆ ಇನ್ನೇನಾಗುತ್ತೆ? ಇನ್ನೊಂದು ಮದ್ದು ಇದಕ್ಕಿಂತ ಮೇಲು. ಲಿಂಕನ್ ಮತ್ತು ಗೂಬಾ ಎಂಬ ವಿದ್ವಾಂಸರು 1985ರಲ್ಲಿ, ಬರೆದದ್ದನ್ನು ಮಾತಾಡಿದವರ ಹತ್ತಿರ ಒಯ್ದು ತೋರಿಸಿ, ಇದು ನಿಮ್ಮ ಮಾತೇನಾ ಅಂತ ಕೇಳಿ ಎಂದರು. ದೇವರು ಮಾಡದೇ ಬಿಟ್ಟ ಕೆಲಸ ಇದೇ. ಆದರೆ ಇಂಗ್ಲಿಷಿನ ಮುನ್ನೂರು ಪುಟವನ್ನು ಯಾರಿಗೆ ತೋರಿಸೋದು? ಪಂಚಾಯ್ತಿ ಕಟ್ಟೆಯಲ್ಲಿ ಸಭೆ ಕರೆದು, ಮುಂದಿನ ಸಾಲಿನಲ್ಲಿ ಗೌಡರ ಮಗನನ್ನು ಕೂರಿಸಿಕೊಂಡು, ‘ಸರಿಯಾಗಿ ಬರೆದಿದ್ದೀವಾ?’ ಅಂತ ಕೇಳಿದರೆ ಹಿಂದಿನಿಂದ ಬರುವ ಉತ್ತರ ಮತ್ತೆ ಅದೇ, ‘ಆಯ್ತು ಬುದ್ಧಿ’. ಬರೆದದ್ದನ್ನು ಕನ್ನಡದಲ್ಲಿ, ಕೇರಿಯ ಒಳಗೆ, ಮಾತಾಡಿದವರು ಬೇಡ ಅಂದರೆ ಹೊಡೆದುಹಾಕುವ ತಯಾರಿಯಿಂದ ಒಯ್ಯಬೇಕು. ಪದವಿ ಒಂದು ವರ್ಷ ತಡವಾಗುತ್ತೆ. ಆಗಲಿ.

ಹಾಗಾದರೆ ನಮ್ಮವರ ಮಾತಿಗೆ ನಮ್ಮವರೇ ಅರ್ಥ ಬರೆಯಲಿ ಅಂದರೆ ಮುಗಿಯಿತೇ? ಗೋಪಾಲ್ ಗುರು ಅವರು 2002ರಲ್ಲಿ ಬರೆದ ಲೇಖನವೊಂದರಲ್ಲಿ ಭಾರತದ ಸಮಾಜವಿಜ್ಞಾನದೊಳಗೂ ಒಂದು ವರ್ಣವ್ಯವಸ್ಥೆ ಇದೆ ಎಂದು ತೋರಿಸಿದರು. ಸಿದ್ಧಾಂತ ಕಟ್ಟುವವರು ಅದರ ಬ್ರಾಹ್ಮಣರು, ಮಾಹಿತಿ ಹೊರುವವರು ಅದರ ಶೂದ್ರರು. ಈ ಮಾತು ಇಂದಿಗೂ ಚುಚ್ಚುತ್ತದೆ. ನಮ್ಮ ಹುಡುಗ ಹುಡುಗಿಯರು ಸಂದರ್ಶನ ಮಾಡಿ ತರುತ್ತಾರೆ, ಪುಸ್ತಕದ ಮೇಲೆ ಬೇರೆಯವರ ಹೆಸರು ಬರುತ್ತದೆ. ಇದು ನಿಲ್ಲಬೇಕು. ಆದರೆ ಅನುಭವ ಇದ್ದ ಮಾತ್ರಕ್ಕೆ ಅರ್ಥದ ಗುತ್ತಿಗೆ ಸಿಕ್ಕಂತೆ ಅಲ್ಲ. ಕೇರಿಯೊಳಗೂ ಕೇರಿ ಇದೆ. ಹೊಲೆಯರ ಹುಡುಗ ಮಾದಿಗರಟ್ಟಿಗೆ ಹೋದರೆ ಅಲ್ಲಿ ಅವನೇನು ಒಳಗಿನವನೇ? ದಲಿತ ಹೆಂಗಸರ ಮಾತು ಬೇರೆ, ಅದನ್ನು ದಲಿತ ಗಂಡಸರು ತಮ್ಮ ಮಾತಿನೊಳಗೆ ಸೇರಿಸಿಕೊಂಡು ಬಿಡಬಾರದು ಅಂತ ಇದೇ ಗೋಪಾಲ್ ಗುರು 1995ರಲ್ಲೇ ಬರೆದಿದ್ದರು. ಒಬ್ಬ ಅವ್ವ ತನ್ನ ಗಂಡನ ಕುಡಿತದ ಬಗ್ಗೆ ಒಂದು ಗಂಟೆ ಅತ್ತು, ನಡುವೆ ಒಂದು ಸಲ ಗೌಡನನ್ನು ಬೈದಿದ್ದರೆ, ಚಳವಳಿಯ ಸಂಶೋಧಕನ ಚೀಟಿಯಲ್ಲಿ ‘ಊಳಿಗಮಾನ್ಯ ಶೋಷಣೆಯ ವಿರುದ್ಧ ಪ್ರತಿರೋಧ’ ಅಷ್ಟೇ ಉಳಿಯುವ ಅಪಾಯ ಇದೆ. ಪ್ರತಿರೋಧ ಅನ್ನೋ ಹೆಸರು ಸಮ್ಮತಿಗಿಂತ ಕೇಳಲಿಕ್ಕೆ ಚೆಂದ. ಆದರೆ ಅವಳು ಕೇಳದೆ ಅವಳಿಗೆ ತೊಡಿಸಿದ ಅಂಗಿ ಅದೂ ಕೂಡ. ಅವಳ ಅಳುವಿಗೆ ಜಾಗ ಕೊಡದ ಸಿದ್ಧಾಂತ ಯಾವ ಬಣ್ಣದ್ದಾದರೇನು?

ಹಳ್ಳಿ ಮೇಷ್ಟ್ರುಗಳಿಗೆ, ಊರಲ್ಲಿ ಓದಿರೋ ಹುಡುಗ ಹುಡುಗಿಯರಿಗೆ ಒಂದು ಮಾತು. ಪಟ್ಟಣದಿಂದಲೋ ಪರದೇಶದಿಂದಲೋ ಸಂಶೋಧಕರು ಬಂದಾಗ ಮೊದಲು ಹುಡುಕೋದು ನಿಮ್ಮನ್ನೇ. ದಾರಿ ತೋರಿಸಿದವರು ನೀವು, ಮನೆ ಪರಿಚಯ ಮಾಡಿಕೊಟ್ಟವರು ನೀವು, ಮಾತನ್ನು ಆಚೆಯಿಂದ ಈಚೆಗೆ ದಾಟಿಸಿದವರು ನೀವು. ಯಾವ ಮಾತನ್ನು ದಾಟಿಸಿದಿರಿ, ಯಾವುದನ್ನು ಬೇಡ ಅಂತ ನುಂಗಿಕೊಂಡಿರಿ, ಯಾರ ಮನೆಗೆ ಕರೆದುಕೊಂಡು ಹೋಗಲಿಲ್ಲ, ಯಾವ ಮುದುಕಿ ಏನಂದಾಗ ನೀವು ನಕ್ಕಿರಿ ಮತ್ತು ಆ ನಗುವನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ಸುಮ್ಮನಾದಿರಿ? ಆ ಪುಸ್ತಕಗಳ ಅರ್ಧ ಅರ್ಥ ನಿಮ್ಮ ಹತ್ತಿರ ಇದೆ. ಹೆಸರು ಊರು ಮುಚ್ಚಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸಿ. ಕೈಬರಹ ಹೇಗಿದ್ದರೂ ಸರಿ, ಭಾಷೆ ಮನೆಯದೇ ಇರಲಿ, ನಾವು ಅಚ್ಚು ಹಾಕ್ತೀವಿ.